ಅವ್ವನ ಕೋಳಿ, ಯಜಮಾನರ ನರಿ

ನರಿಯ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಅದು ಸುಳ್ಳು. ಈಗಲೂ ಟಿ.ವಿ.ಯಲ್ಲಿ ಕಾಡುಪ್ರಾಣಿಗಳ ಕಾರ್ಯಕ್ರಮ ಬಂದು, ನರಿಯೊಂದು ತನ್ನ ಮರಿಗಳನ್ನು ನೆಕ್ಕುತ್ತ ಕೂತಿದ್ದರೆ ಮನೆಯವರೆಲ್ಲ ‘ಎಷ್ಟು ಮುದ್ದಾಗಿದೆ’ ಎನ್ನುತ್ತಾರೆ. ನಾನು ಎದ್ದು ಹೋಗಿ ಪಾತ್ರೆ ತೊಳೆಯುತ್ತೇನೆ. ಒಂದು ಮೂಕಪ್ರಾಣಿಯ ಮೇಲೆ ಇಷ್ಟು ವರ್ಷ ಹಗೆ ಸಾಧಿಸುವುದು ತಲೆಕೆಟ್ಟ ಕೆಲಸ ಎಂದು ನನಗೂ ಗೊತ್ತು. ಆದರೆ ಅದು ನಮ್ಮ ಹಿತ್ತಲಿಗೆ ಬರುತ್ತಿದ್ದ ಆ ಬೇಸಿಗೆಯಲ್ಲಿ ನಾನು ಪಟ್ಟ ಪಾಡು ನನಗೊಬ್ಬಳಿಗೇ ಗೊತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಅರಸೀಕೆರೆಯಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ನಮ್ಮವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್, ಹಳೇಬೀಡು ಬೇಲೂರಿನ ರೂಟು. ಊರಾಚೆಯ ಹೊಸ ಬಡಾವಣೆಯಲ್ಲಿ ಸಾಲ ಮಾಡಿ ಎರಡು ಕೋಣೆಯ ಮನೆ ಕಟ್ಟಿಸಿದ್ದೆವು. ನಡುಮನೆಯಲ್ಲಿ ಬುದ್ಧನ ಫೋಟೊ, ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ಹಿಂದೆ ಒಂದಿಷ್ಟು ಹಿತ್ತಲು. ಹಿತ್ತಲು ಮುಗಿದಲ್ಲಿ ಲಂಟಾನ, ಜಾಲಿಯ ಕುರುಚಲು ಗುಡ್ಡ ಶುರುವಾಗುತ್ತಿತ್ತು. ಸೈಟು ಅಗ್ಗಕ್ಕೆ ಸಿಕ್ಕಿದ್ದು ಯಾಕೆ ಎಂದು ನಮಗೆ ತಿಳಿದದ್ದು ಆಮೇಲೆ.

ಅವ್ವ ನಮ್ಮ ಮನೆಗೆ ಬಂದದ್ದು ಗಂಡಸಿ ಕಡೆಯ ನಮ್ಮ ಹಳ್ಳಿಯಿಂದ, ಒಂದು ಬಟ್ಟೆಗಂಟು ಮತ್ತು ಒಂದು ಮಂಕರಿಯ ಜೊತೆ. ಮಂಕರಿ ಎಂದರೆ ಬಿದಿರಿನ ದೊಡ್ಡ ಬುಟ್ಟಿ. ಬಾಯಿಗೆ ಹಳೇ ಸೀರೆ ಕಟ್ಟಿತ್ತು, ಒಳಗೆ ಆರು ಹೇಂಟೆ, ಒಂದು ಹುಂಜ. ಅಣ್ಣನ ಮನೆಯಲ್ಲಿ ಅತ್ತಿಗೆಗೂ ಅವಳಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಅವ್ವನಿಗೆ ದಮ್ಮು ಬೇರೆ. ಸೌದೆ ಒಲೆಯ ಹೊಗೆ ಕುಡಿದು ಕುಡಿದು ಎದೆ ಕಟ್ಟಿಕೊಂಡು, ಮಲಗಲಾಗದೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಮಾತ್ರೆ ಮುಗಿದರೆ ತಂದುಕೊಡುವವರಿಲ್ಲ. ನಾನು ಹೋಗಿ ನೋಡಿದಾಗಲೆಲ್ಲ ಅವಳ ರವಿಕೆಯ ತೋಳು ಇನ್ನಷ್ಟು ಸಡಿಲವಾಗಿರುತ್ತಿತ್ತು. ಅಲ್ಲೇ ಬಿಟ್ಟರೆ ಅವಳು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿ, ಅತ್ತೂ ಕರೆದೂ ಒಪ್ಪಿಸಿದ್ದೆ.

ಒಪ್ಪಿಸುವುದೇನು ಸುಲಭವಿರಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಕೂತು ಉಣ್ಣಬಾರದು ಎನ್ನುವುದು ನಮ್ಮ ಕಡೆಯ ಹಳಬರ ರಕ್ತದಲ್ಲೇ ಇದೆ. ಮಗ ಒದ್ದರೂ ಮಗನ ಮನೆ, ಮಗಳು ಪೂಜೆ ಮಾಡಿದರೂ ಅದು ಅಳಿಯನ ಮನೆ. ಅವ್ವ ಬಂದ ದಿನವೇ ಮಂಕರಿಯ ಸೀರೆ ಬಿಚ್ಚುತ್ತ ನನಗೆ ತನ್ನ ಕರಾರು ತಿಳಿಸಿಬಿಟ್ಟಳು.

“ನಾನೇನು ಬಿಟ್ಟಿ ಉಣ್ಣಾಕೆ ಬಂದಿಲ್ಲ ಕಣವ್ವ. ನನ್ನ ಕೋಳಿ ಐತೆ, ಮೊಟ್ಟೆ ಕೊಡ್ತೀನಿ, ಉಣ್ತೀನಿ. ಕೋಳಿ ಇರೋಗಂಟ ಇರ್ತೀನಿ. ಆಮೇಲೆ ನನ್ನ ದಾರಿ ನಂದು.”

ನಾನು ನಕ್ಕೆ. ಹಳೇ ಕಾಲದವಳು, ಬಾಯಿಮಾತಿಗೆ ಹೇಳುತ್ತಾಳೆ ಅಂದುಕೊಂಡೆ. ಅವಳು ಬಾಯಿಮಾತಿಗೆ ಯಾವತ್ತೂ ಏನೂ ಹೇಳಿದವಳಲ್ಲ ಎನ್ನುವುದನ್ನು ಮರೆತಿದ್ದೆ.

ಬೆಳಿಗ್ಗೆ ಎದ್ದವಳೇ ಹಿತ್ತಲಿಗೆ ಹೋಗಿ, ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಅಡುಗೆಮನೆಯ ಕಟ್ಟೆಯ ಮೇಲಿನ ಸ್ಟೀಲ್ ಬಟ್ಟಲಲ್ಲಿ ಇಡುತ್ತಿದ್ದಳು. ಆಮೇಲೇ ಕಾಫಿ ಲೋಟಕ್ಕೆ ಕೈ ಚಾಚುವುದು. ಕೋಳಿಗಳು ಮೊಟ್ಟೆ ಇಡದ ದಿನ ಅವಳಿಗೆ ಹೊಟ್ಟೆ ಸರಿ ಇರುತ್ತಿರಲಿಲ್ಲ. “ಯಾಕೋ ಹೊಟ್ಟೆ ಉಬ್ಬರ ಕಣವ್ವ, ಒಂದು ಲೋಟ ಮಜ್ಜಿಗೆ ಸಾಕು” ಎನ್ನುತ್ತಿದ್ದಳು. ಮೊದಮೊದಲು ನಾನು ಓಂಕಾಳಿನ ಕಷಾಯ ಮಾಡಿಕೊಟ್ಟೆ, ಪೆದ್ದಿ. ಒಂದು ದಿನ ಖಾಲಿ ಬಟ್ಟಲಿಗೂ ಅವಳ ಹೊಟ್ಟೆಗೂ ಇರುವ ನಂಟು ಹೊಳೆದು, ಕೈಯಲ್ಲಿದ್ದ ಕಷಾಯವನ್ನು ಸಿಂಕಿಗೆ ಸುರಿದು ಅಲ್ಲೇ ನಿಂತುಬಿಟ್ಟೆ. ನನ್ನ ಹೆತ್ತವಳು ನನ್ನ ಮನೆಯಲ್ಲಿ ಉಪವಾಸ ಬೀಳುತ್ತಿದ್ದಳು.

ಮುಖಾಮುಖಿ ಕೇಳಿದರೆ ಒಪ್ಪುವ ಪೈಕಿಯಲ್ಲ. ಅದಕ್ಕೇ ಒಂದು ಉಪಾಯ ಮಾಡಿದೆ. ಸಂತೆಯಲ್ಲಿ ನಾಟಿ ಮೊಟ್ಟೆ ಕೊಂಡು ತಂದು, ಅವಳು ಏಳುವ ಮುಂಚೆ ಗೂಡಿನ ಹುಲ್ಲಲ್ಲಿ ಇಟ್ಟು ಬಂದೆ. ಅವ್ವ ಅದನ್ನು ತಂದು ಬಟ್ಟಲಲ್ಲಿ ಇಡಲಿಲ್ಲ, ನನ್ನ ಕೈಯಲ್ಲೇ ಇಟ್ಟಳು. “ತಣ್ಣಗೈತೆ” ಎಂದಳು, ಅಷ್ಟೇ. ಅವತ್ತು ಮಜ್ಜಿಗೆಯೂ ಬೇಡವಾಯಿತು.

ಹೀಗಾಗಿ ಆ ಕೋಳಿಗಳು ಮೇಯುತ್ತ ಓಡಾಡುತ್ತಿದ್ದರೆ ನನಗೆ ಕಾಣುತ್ತಿದ್ದದ್ದು ಕೋಳಿಗಳಲ್ಲ, ಅವ್ವನ ತಟ್ಟೆಯ ಅನ್ನ, ಅವಳ ಮಾತ್ರೆ, ನಿದ್ದೆ. ನಮ್ಮ ಮನೆಗೆ ಬಂದು ಎರಡು ತಿಂಗಳಲ್ಲಿ ಅವಳ ಉಬ್ಬಸ ಇಳಿದಿತ್ತು. ಬೆನ್ನು ಚಾಪೆಗೆ ತಾಗಿಸಿ ಮಲಗುತ್ತಿದ್ದಳು. ಕೆನ್ನೆಯಲ್ಲಿ ಸ್ವಲ್ಪ ಮಾಂಸ ಬಂದಿತ್ತು.

ಮೊದಲು ಹೋದದ್ದು ಪಿಳ್ಳೆಗಳು. ಒಂದು ಹೇಂಟೆ ಕಾವಿಗೆ ಕೂತಿತ್ತು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಅವ್ವ ನಡುವೆ ಒಂದು ಕಬ್ಬಿಣದ ಚೂರು, ಒಂದಿಷ್ಟು ಇದ್ದಲು ಇಟ್ಟು ಮರಿ ಮಾಡಿಸಿದ್ದಳು. ಮರಿಗಳು ಹೊರಗೆ ಬಂದದ್ದೇ ತಡ, ಗುಡ್ಡದ ಮೇಲಿಂದ ಹದ್ದು ಸುತ್ತತೊಡಗಿತು. ಉಳಿದವನ್ನು ಮುಂಗುಸಿ ಹಗಲು ಹೊತ್ತಿನಲ್ಲೇ ಕಚ್ಚಿಕೊಂಡು ಹೋಯಿತು. ನಮ್ಮವರು ಮನೆ ಕಟ್ಟುವಾಗ ಉಳಿದಿದ್ದ ಸೆಂಟ್ರಿಂಗ್ ಹಲಗೆ, ಒಂದು ತುಂಡು ಶೀಟು, ಜಾಲರಿ ಸೇರಿಸಿ ರಜೆಯ ದಿನ ಗಟ್ಟಿಯಾದ ಗೂಡು ಕಟ್ಟಿಕೊಟ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ನಮ್ಮ ಕತೆ. ಆದರೂ ದೊಡ್ಡ ಕೋಳಿಗಳಾದರೂ ಉಳಿದವಲ್ಲ ಎಂದು ನಾನು ಸಮಾಧಾನಪಟ್ಟೆ.

ಆಮೇಲೆ ನರಿ ಬಂತು. ಅವ್ವ ನಸುಕಿನಲ್ಲಿ ಗೂಡಿನ ಬಾಗಿಲು ತೆರೆದು, ಮೊಟ್ಟೆ ಆರಿಸಿಕೊಂಡು ಒಳಗೆ ಬರುವಷ್ಟರಲ್ಲಿ ಬೇಲಿಯ ಕಡೆ ಒಂದು ಕೊಕ್ಕರಿಕೆ, ಪಟಪಟ ಸದ್ದು. ಓಡಿ ಹೋಗಿ ನೋಡಿದರೆ ಹುಂಜ ಇಲ್ಲ. ಬೇಲಿಯ ಮುಳ್ಳಿಗೆ ಕೆಂಪು ಪುಕ್ಕ ಸಿಕ್ಕಿಕೊಂಡಿತ್ತು. ಅವ್ವ ಅದನ್ನು ಬಿಡಿಸಿ ಕೈಯಲ್ಲಿ ಹಿಡಿದು ನಿಂತಳು. “ಹುಂಜ ತಾನೇ, ಮೊಟ್ಟೆ ಇಡೋದು ಹೇಂಟೆ” ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ವಾರ ಕಳೆಯುವಷ್ಟರಲ್ಲಿ ಹೇಂಟೆಯೂ ಒಂದು ಹೋಯಿತು.

ನಾನು ಮಾಡದ ಕೆಲಸವಿಲ್ಲ. ಕಚೇರಿಯಿಂದ ಬಂದವಳೇ ಸೀರೆ ಎತ್ತಿ ಕಟ್ಟಿ ಜಾಲಿಮುಳ್ಳು ಕಡಿದು ತಂದು ಬೇಲಿಗೆ ಒತ್ತಿದೆ. ಅಂಗೈ ತುಂಬ ಗಾಯ. ಹೊಲಗಳಲ್ಲಿ ಹಕ್ಕಿ ಬೆದರಿಸಲು ಕಟ್ಟುತ್ತಾರಲ್ಲ, ಹಾಗೆ ಹಳೇ ಕ್ಯಾಸೆಟ್ಟುಗಳ ರೀಲು ಎಳೆದು ಹಿತ್ತಲ ಸುತ್ತ ಬಿಗಿದೆ. ಗಾಳಿಗೆ ಅದು ಗುಂಯ್ ಎನ್ನುತ್ತಿತ್ತು, ನನಗೇ ನಿದ್ದೆ ಬರಲಿಲ್ಲ, ನರಿಗೆ ಏನೂ ಆಗಲಿಲ್ಲ. ನಮ್ಮವರ ಹಳೇ ಖಾಕಿ ಷರ್ಟು ಪ್ಯಾಂಟಿಗೆ ಹುಲ್ಲು ತುಂಬಿ ಬೆದರುಬೊಂಬೆ ನಿಲ್ಲಿಸಿದೆ. ಕೋಳಿಗಳು ಅದರ ಹೆಗಲ ಮೇಲೆ ಹತ್ತಿ ಕೂತು ಹಿಕ್ಕೆ ಹಾಕಿದವು. “ನನ್ನ ಮರ್ಯಾದೆ ಬಸ್ಸಿನಲ್ಲೂ ಇಲ್ಲ, ಹಿತ್ತಲಲ್ಲೂ ಇಲ್ಲ” ಎಂದರು ಅವರು. ನಾಯಿ ಸಾಕಿದರೆ ಸರಿಹೋಗುತ್ತದೆ ಎಂದು ಕಚೇರಿಯ ಜವಾನ ಒಂದು ಬೀದಿನಾಯಿ ತಂದು ಕೊಟ್ಟ. ಅದು ಮೂರನೇ ದಿನಕ್ಕೇ ಗೂಡಿಗೆ ಮೂತಿ ತೂರಿಸಿ ಮೊಟ್ಟೆ ತಿನ್ನುವುದನ್ನು ಕಲಿಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಮಾಡುವುದು? ಅದನ್ನು ಬೈದು ಹೊಡೆದು ಓಡಿಸಿದೆ. ಆ ಬೆಳಿಗ್ಗೆ ಅವ್ವನಿಗೆ ಹೊಟ್ಟೆ ಉಬ್ಬರ.

ನನಗೆ ಅರ್ಥವಾಗದೆ ಇದ್ದದ್ದು ಒಂದೇ. ಗುಡ್ಡದ ತುಂಬ ಇಲಿ ಇದ್ದವು, ಮೊಲ ಇದ್ದವು, ಬೇರೆ ಮನೆಗಳ ಕೋಳಿಯೂ ಇದ್ದವು. ಈ ನರಿಗೆ ದಿನಾ ಬೆಳಗಾದರೆ ನಮ್ಮ ಹಿತ್ತಲೇ ಯಾಕೆ ಬೇಕು? ಒಂದು ದಿನ ಬೇಗ ಎದ್ದು, ನೀರಿನ ತೊಟ್ಟಿಯ ಹಿಂದೆ ಕೋಲು ಹಿಡಿದು ಕೂತೆ. ಪೂರ್ವದಲ್ಲಿ ಬೆಳಕು ಹರಿಯುತ್ತಿತ್ತು. ಪಕ್ಕದ ಮನೆಯ ಹಿಂಬಾಗಿಲು ತೆರೆದುಕೊಂಡಿತು.

ಪಕ್ಕದ ಮನೆಯ ಯಜಮಾನರು ಕೊಬ್ಬರಿ ವ್ಯಾಪಾರಸ್ಥರು. ಬಾಣಾವರದ ಹತ್ತಿರ ತೆಂಗಿನ ತೋಟ, ಊರಲ್ಲಿ ಮಂಡಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ‘ಶಿವ ಶಿವ’. ಅವರ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವ ಹಾಗಿರಲಿಲ್ಲ. ಆದರೂ ನಮ್ಮ ಕೋಳಿಗಳ ಬಗ್ಗೆ ಅವರು ಒಂದು ದಿನವೂ ತಕರಾರು ತೆಗೆದಿರಲಿಲ್ಲ. ಒಳ್ಳೆಯವರು ಎಂದೇ ನಾನು ಎಣಿಸಿದ್ದೆ, ಈಗಲೂ ಹಾಗೇ ಎಣಿಸುತ್ತೇನೆ. ಆ ಬೆಳಿಗ್ಗೆ ಅವರು ಹೊರಗೆ ಬಂದದ್ದು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಒಂದು ಕೈ ಗೋಡೆ ಸವರುತ್ತಿತ್ತು, ಇನ್ನೊಂದು ಕೈಯನ್ನು ಅವರ ಹೆಂಡತಿ ಹಿಡಿದು ನಡೆಸುತ್ತಿದ್ದರು. ಪಾಪ, ಕಣ್ಣಿಗೆ ಏನಾಯಿತೋ ಎಂದು ನಾನು ಎದ್ದು ನಿಲ್ಲಬೇಕು, ಅಷ್ಟರಲ್ಲಿ ಅವರ ಬೇಲಿಯ ಸಂದಿಯಿಂದ ನರಿ ತಲೆ ಹಾಕಿತು. ನೆಲದ ಮೇಲೆ ಅಡಿಕೆ ಹಾಳೆಯಲ್ಲಿ ಹಾಲನ್ನ, ಸುಲಿದ ಬಾಳೆಹಣ್ಣು. ಮನೆಯ ಅಳಿಯನ ಹಾಗೆ ಸಲೀಸಾಗಿ ಬಂದು ತಿನ್ನತೊಡಗಿತು.

“ಬಂದೈತೆ ಕಣ್ರೀ, ಈಗ ಬಿಡಿ ಕಣ್ಣು” ಎಂದು ಅವರ ಹೆಂಡತಿ ಪಿಸುಗುಟ್ಟಿದರು.

ಯಜಮಾನರು ಕಣ್ಣು ತೆರೆದು, ನರಿಯ ಮುಖವನ್ನು ಮನಸಾರೆ ನೋಡಿ, ಕೈ ಮುಗಿದರು.

ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಎಂದು ನಮ್ಮ ಸೀಮೆಯಲ್ಲಿ ಯಾರು ತಾನೇ ಹೇಳುವುದಿಲ್ಲ? ಲಾಭ ಮಾಡಿಕೊಂಡವನನ್ನು ‘ಯಾವ ನರಿ ಮುಖ ನೋಡಿ ಎದ್ದಿದ್ಯೋ’ ಎಂದು ನಾವೂ ಕೇಳುತ್ತೇವೆ. ಆದರೆ ಆ ಅದೃಷ್ಟಕ್ಕೆ ಅನ್ನ ಹಾಕಿ ಪಳಗಿಸಿ, ದಿನಾ ಮನೆಬಾಗಿಲಿಗೆ ಬರಮಾಡಿಕೊಳ್ಳುವವರನ್ನು ನಾನು ಕಂಡಿರಲಿಲ್ಲ. ನನಗೆ ಮೈಯೆಲ್ಲ ಉರಿದು ಹೋಯಿತು.

“ಯಜಮಾನ್ರೇ! ಅದು ನಮ್ಮ ಕೋಳಿ ಹಿಡಿಯೋ ನರಿ!”

“ಶ್! ಮೆತ್ತಗಮ್ಮ, ಓಡ್ತದೆ” ಎಂದರು ಅವರು. ಅದು ಓಡಿಯೇ ಹೋಯಿತು.

ನಾನು ಗೋಡೆಯ ಪಕ್ಕ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. “ನಿಮ್ಮನೇಲಿ ಹಾಲು ಬಾಳೆಹಣ್ಣು, ನಮ್ಮನೇಲಿ ಊಟ. ಚೆನ್ನಾಗಿದೆ ನಿಮ್ಮ ಅದೃಷ್ಟ! ಅದು ನಮ್ಮ ಕೋಳಿ ತಿಂದು ಬೆಳೀತಿದೆ!”

ಅವರು ತಲೆ ತಗ್ಗಿಸಿದರು. ಅಷ್ಟು ದೊಡ್ಡ ಮನುಷ್ಯ ಸಣ್ಣ ದನಿಯಲ್ಲಿ ಹೇಳಿದರು: “ಹೋದ ವರ್ಷ ಮಂಡಿ ಬಾಗಿಲು ಹಾಕೋ ಹಂಗಾಗಿತ್ತಮ್ಮ. ಒಂದಿನ ಬೆಳಿಗ್ಗೆ ಬಾಗ್ಲು ತೆಗೀತೀನಿ, ಎದುರಿಗೆ ಇದು ನಿಂತೈತೆ. ಅವತ್ತಿಂದ ಎಲ್ಲಾ ಸರಿಹೋಯ್ತು. ಅದು ಕೋಳಿ ಹಿಡೀತದೆ ಅಂತ ಗೊತ್ತಿರಲಿಲ್ಲ ಅಂದ್ರೆ ಸುಳ್ಳಾಗ್ತದೆ. ಹೋದ ಕೋಳಿಗೆ ಏನಾಗ್ತದೋ ಹೇಳು, ಕೊಟ್ಟುಬಿಡ್ತೀನಿ.”

ಅವ್ವ ಯಾವಾಗ ಬಂದು ನನ್ನ ಹಿಂದೆ ನಿಂತಿದ್ದಳೋ ಗೊತ್ತಿಲ್ಲ. ತಲೆ ಮೇಲೆ ಸೆರಗು ಎಳೆದುಕೊಂಡು, “ದುಡ್ಡು ಬ್ಯಾಡಿ ಸ್ವಾಮಿ. ದುಡ್ಡು ಮೊಟ್ಟೆ ಇಡಾಕಿಲ್ಲ” ಎಂದಳು.

ಆ ಮಾತಿಗೆ ಯಜಮಾನರು ನಾಚಿದರೋ, ನನ್ನ ಬಾಯಿಗೆ ಹೆದರಿದರೋ, ಅಂತೂ ಹಾಲನ್ನ ಇಡುವುದನ್ನು ನಿಲ್ಲಿಸಿದರು. ನಾನು ಗೆದ್ದೆ ಎಂದುಕೊಂಡೆ. ಅವ್ವನಿಗೆ ಹೇಳಿದೆ, “ಇನ್ನು ಹೆದರಬೇಡ ಕಣವ್ವ, ಅದರ ಊಟದ ಎಲೆ ಎತ್ತಿಸಿದ್ದೀನಿ.” ಎಂಥ ಗೆಲುವು! ಹಸಿದ ನರಿ ನಸುಕಿನಲ್ಲಿ ಬಂದು ಯಜಮಾನರ ಹಿತ್ತಲಲ್ಲಿ ಮೂಸಿ ನೋಡಿತು, ಏನೂ ಸಿಗದೆ ನೇರ ನಮ್ಮ ಗೂಡಿಗೆ ಬಂತು. ಮೊದಲು ಬೇಲಿಯಂಚಿನಲ್ಲಿ ಹೊಂಚುತ್ತಿದ್ದದ್ದು ಈಗ ಗೂಡಿನ ಬುಡವನ್ನೇ ಕೆರೆಯಿತು. ಜಾಲರಿಯ ಒಂದು ಮೂಲೆ ಎಬ್ಬಿಸಿ ಒಳನುಗ್ಗಿ, ಒಂದನ್ನು ಹೊತ್ತುಕೊಂಡು, ಇನ್ನು ಮೂರನ್ನು ಕೊಂದು ಬಿಸಾಡಿ ಹೋಯಿತು. ಸತ್ತ ಕೋಳಿಗಳನ್ನು ಅವ್ವ ಹಿತ್ತಲ ಮೂಲೆಯಲ್ಲಿ ಮಣ್ಣು ಮಾಡಿದಳು. ನರಿ ಬಾಯಿ ಹಾಕಿದ್ದನ್ನು ಅವಳು ಅಡುಗೆಮನೆಗೆ ತರುವವಳಲ್ಲ.

ಯಜಮಾನರು ಗೋಡೆಯಾಚೆಯಿಂದ ಎಲ್ಲ ನೋಡಿ, “ನಾನು ಹಾಕ್ತಿದ್ದಾಗ ಅದಕ್ಕೊಂದಿಷ್ಟು ಹೊಟ್ಟೆ ತುಂಬ್ತಿತ್ತಮ್ಮ” ಎಂದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಉಳಿದದ್ದು ಒಂದೇ, ಬೋಳುಕತ್ತಿನ ಬೂದು ಹೇಂಟೆ. ನೋಡಲು ಚೆಂದವಿಲ್ಲ, ಬುದ್ಧಿಯೂ ಅಷ್ಟಕ್ಕಷ್ಟೆ, ಆದರೆ ದಿನ ಬಿಟ್ಟು ದಿನ ತಪ್ಪದೆ ಮೊಟ್ಟೆ ಇಡುತ್ತಿತ್ತು. ಅವ್ವ ದಿನ ಬಿಟ್ಟು ದಿನ ಉಣ್ಣತೊಡಗಿದಳು. ಇದನ್ನು ಬರೆಯುವಾಗ ಯಾರಾದರೂ ನಂಬುತ್ತಾರೋ ಇಲ್ಲವೋ ಎಂದು ಅನುಮಾನವಾಗುತ್ತದೆ, ಆದರೆ ನಡೆದದ್ದು ಹಾಗೇ. ಮೊಟ್ಟೆ ಇಲ್ಲದ ದಿನ ಮಜ್ಜಿಗೆ, ಅರ್ಧ ಮುದ್ದೆ. ನಾನು ಬೈದೆ, ಅತ್ತೆ, ಊಟ ಬಿಟ್ಟು ಕೂತೆ. “ನೀನು ಉಣ್ಣವ್ವ, ನಿನ್ನ ಮನೆ” ಎಂದಳು. ನನ್ನ ಮನೆ ಎಂದರೆ ಅವಳ ಮನೆಯಲ್ಲ, ಅದಕ್ಕೆ ಮೇಲ್ಮನವಿ ಇರಲಿಲ್ಲ.

ಆ ಹೇಂಟೆಯನ್ನು ನಾನು ಮನೆಯೊಳಗೆ ತಂದೆ. ಅಡುಗೆಮನೆಯ ಮೂಲೆಯಲ್ಲಿ ಮಂಕರಿ ಕವುಚಿ, ಮೇಲೆ ರುಬ್ಬುಗುಂಡು ಹೇರಿ ಇಟ್ಟೆ. ಕಚೇರಿಗೆ ಹೋಗುವ ಮುಂಚೆ ಅದಕ್ಕೆ ರಾಗಿ, ನೀರು. ಬಂದ ಮೇಲೆ ನೆಲ ತೊಳೆಯುವುದು. ಹೊರಗೆ ಮೇಯಲು ಬಿಟ್ಟಷ್ಟು ಹೊತ್ತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೋಲು ಹಿಡಿದು ಹಿಂದೆಯೇ ಓಡಾಡುತ್ತಿದ್ದೆ. ಕಚೇರಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಕಡತ ಬರೆಯುತ್ತ ಬರೆಯುತ್ತ ತೂಕಡಿಸಿದೆ. ಗಾಳಿಗೆ ಕಿಟಕಿ ಬಡಿದರೂ ನನಗೆ ರೆಕ್ಕೆ ಬಡಿದ ಹಾಗೆ ಕೇಳುತ್ತಿತ್ತು. ನಮ್ಮ ಮನೆಯೊಳಗೆಲ್ಲ ಕೋಳಿ ಹಿಕ್ಕೆಯ ವಾಸನೆ. ನಮ್ಮವರು ಮೂಗು ಮುಚ್ಚಿಕೊಂಡು ಬುದ್ಧನ ಫೋಟೊಗೆ ಊದುಬತ್ತಿ ಹಚ್ಚುತ್ತಿದ್ದರೇ ಹೊರತು ಒಂದು ಮಾತೂ ಆಡಲಿಲ್ಲ. ಅವ್ವನಿಗೆ ಮಾತ್ರ ಅದು ತಡೆಯಲಾಗಲಿಲ್ಲ. ಅಳಿಯಂದಿರ ಮನೆಯ ಅಡುಗೆಕೋಣೆಯನ್ನು ತನ್ನ ಕೋಳಿ ಗಲೀಜು ಮಾಡುತ್ತಿದೆ ಎಂದು, ನಾನು ಇಲ್ಲದಾಗ ಕೆಮ್ಮುತ್ತ ಕೆಮ್ಮುತ್ತ ನೆಲ ಉಜ್ಜುತ್ತಿದ್ದಳು. ದಮ್ಮು ಮತ್ತೆ ಏರಿತು.

ಇಷ್ಟಾದರೂ ನರಿ ಬಿಡಲಿಲ್ಲ. ಒಂದು ಬೆಳಿಗ್ಗೆ ಹಿಂಬಾಗಿಲು ತೆರೆದರೆ ಹೊಸಿಲಾಚೆ ಕೂತಿತ್ತು. ನಾನು ಕೋಲು ಎತ್ತಿದೆ, ಅದು ನಿಧಾನಕ್ಕೆ ಎದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿತು. ಆವತ್ತು ಕಚೇರಿಯಿಂದ ಬರುವಾಗ ಅಂಗಡಿಯಲ್ಲಿ ಇಲಿ ಪಾಷಾಣ ಕೊಂಡೆ, ಒಂದಿಷ್ಟು ಮಾಂಸವನ್ನೂ ತಂದೆ. ಹಿತ್ತಲ ಕಲ್ಲಿನ ಮೇಲೆ ಎರಡನ್ನೂ ಕಲಸುತ್ತಿದ್ದಾಗ ನಮ್ಮವರು ನೋಡಿ, ಪೊಟ್ಟಣ ಕಿತ್ತುಕೊಂಡು, ಮಾಂಸವನ್ನು ಗುಂಡಿ ತೋಡಿ ಮುಚ್ಚಿದರು.

“ಈ ಮನೇಲಿ ವಿಷ ಇಡೋದಿಲ್ಲ” ಎಂದರು. ಬಸ್ಸಿನಲ್ಲಿ ಕುಡುಕರ ಹತ್ತಿರವೂ ದನಿ ಎತ್ತದವರು ಅವತ್ತು ಎತ್ತಿದ್ದರು.

“ಕೊಲ್ಲೋದಿಲ್ಲ ಅಂತ ಶೀಲ ಹಿಡಿದೋರು ಭಾನುವಾರ ಮಾತ್ರ ಬಾಡಿನ ಸಾರು ಸುರೀತೀರಲ್ಲ, ಆಗ ಎಲ್ಲಿ ಹೋಗಿತ್ತು?”

“ನೀನು ಏನ್ ಬೇಕಾದ್ರೂ ಅನ್ನು. ಇವತ್ತು ನರಿ, ನಾಳೆ ಬೀದಿ ಮಕ್ಕಳು ಮುಟ್ಟಿದ್ರೆ?”

“ಹಾಗಾದ್ರೆ ನಮ್ಮವ್ವ ಹೋಗಲಿ! ಅಲ್ಲಿ ಹೋಗಿ ಹೊಗೆ ಕುಡಿದು ಸಾಯಲಿ! ಆ ಕೋಳಿ ಹೋದ ದಿನ ಅವಳು ಹೊರಡ್ತಾಳೆ, ಗೊತ್ತಾ ನಿಮಗೆ? ನಿಮ್ಮ ತಾಯಿ ಆಗಿದ್ರೆ ಹೀಗೆ ನಿಂತಿರ್ತಿದ್ರಾ?”

ಹಿಂದಿನ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದ ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಕೇಳಿಸಿತೋ ಇಲ್ಲವೋ ಎಂದು ನಾನು ಅನುಮಾನಪಡುವ ಅಗತ್ಯವೇ ಇರಲಿಲ್ಲ. ಬೀದಿಗೆಲ್ಲ ಕೇಳಿಸಿತ್ತು.

ಮಾರನೇ ದಿನ ನಮ್ಮವರಿಗೆ ವಾರದ ರಜೆ. ನಾನು ಕಚೇರಿ ಮುಗಿಸಿ, ಬಸ್ಸಿಗೆ ಕಾಯದೆ ನಡೆದೇ ಬಂದೆ. ಹಿತ್ತಲ ಕಡೆಯಿಂದಲೇ ಒಳಗೆ ಹೋಗುವುದು ಆಗ ನನಗೆ ರೂಢಿಯಾಗಿಬಿಟ್ಟಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೂದು ಪುಕ್ಕ ಬಿದ್ದಿತ್ತು. ಒಂದೆರಡಲ್ಲ, ರಾಶಿ. ನನ್ನ ಕೈಯಿಂದ ಊಟದ ಡಬ್ಬಿ ಕೆಳಗೆ ಬಿತ್ತು.

“ಯಜಮಾನ್ರೇ!” ಎಂದು ಕಿರುಚಿದೆ. “ಬನ್ನಿ, ನೋಡಿ ನಿಮ್ಮ ದೇವರು ಮಾಡಿರೋ ಕೆಲಸ! ಮುಗೀತು, ಎಲ್ಲಾ ಮುಗೀತು! ಈಗ ಕಣ್ಣು ತುಂಬ ನೋಡ್ಕೊಳ್ಳಿ!”

ಅವರು ಓಡಿ ಬಂದರು. ಪುಕ್ಕ ನೋಡಿದರು, ನನ್ನನ್ನು ನೋಡಿದರು. “ನರಿ ಅಲ್ಲಮ್ಮ” ಎಂದರು ಕೊನೆಗೆ. “ಮಧ್ಯಾಹ್ನ... ನಿಮ್ಮ ತಾಯಿಯವರೇ...” ಎಂದವರು ಮುಂದೆ ಹೇಳಲಾರದೆ ಮುಖ ಆಚೆ ತಿರುಗಿಸಿದರು.

ಆಗ ನನ್ನ ಮೂಗಿಗೆ ವಾಸನೆ ಬಡಿಯಿತು. ಹುರಿದ ಕೊತ್ತಂಬರಿ ಬೀಜ, ಕಾಯಿ, ಚಕ್ಕೆ ಲವಂಗ. ಒಳಗೆ ಅವ್ವ ಒಲೆಯ ಮುಂದೆ ನಿಂತು ಮುದ್ದೆ ತೊಳಸುತ್ತಿದ್ದಳು. ನೆಲ ತೊಳೆದು ಒರೆಸಿತ್ತು. ಮಂಕರಿ ಬಾಯಿ ಮೇಲಾಗಿ ಕೂತಿತ್ತು, ಅದರೊಳಗೆ ಅವಳ ಬಟ್ಟೆಗಂಟು.

“ಏನ್ ಮಾಡಿದೆ ಅವ್ವ?” ಎಂದೆ. “ಅದನ್ನ ಉಳಿಸೋಕೆ ನಾನು ಎಷ್ಟು...”

“ಗೊತ್ತು ಕಣವ್ವ” ಎಂದಳು, ಕೋಲು ತಿರುಗಿಸುವುದನ್ನು ನಿಲ್ಲಿಸದೆ. “ಕೈಯೆಲ್ಲಾ ಮುಳ್ಳು ಗಾಯ ಮಾಡ್ಕಂಡಿದ್ದೀಯ. ಪಕ್ಕದೋರ ಮ್ಯಾಲೆ ಬಿದ್ದೆ, ಗಂಡನ ಮ್ಯಾಲೆ ಬಿದ್ದೆ. ಇವತ್ತಲ್ಲ ನಾಳೆ ಅದು ಕಚ್ಕಂಡು ಹೋಗೋದೇಯ. ನರಿ ಹೊತ್ಕಂಡು ಹೋದ್ರೆ ನಾನು ಬರಿಗೈಲಿ ಎದ್ದು ಹೋಗ್ಬೇಕು. ನಾನೇ ಕುಯ್ದ್ರೆ ನಿಮಗೆ ಉಣ್ಣಕಿಕ್ಕಿ ಹೋದಂಗಾಯ್ತದೆ.”

“ಹೋಗಬೇಡ. ಕೋಳಿ ಇಲ್ಲದಿದ್ರೆ ಏನಾಯ್ತು? ನಾನು ನಿನ್ನ ಮಗಳಲ್ವಾ?”

“ಮಗಳು ಅಂತಲೇ ಕಣೇ” ಎಂದಳು.

ನಮ್ಮವರು ನಡುಮನೆಯ ಬಾಗಿಲಲ್ಲಿ ನಿಂತಿದ್ದರು. “ಅತ್ತೆ, ನಾನು ಏನಾದ್ರೂ ತಪ್ಪು ಮಾಡಿದ್ರೆ...” ಎಂದು ಶುರು ಮಾಡಿದರು. ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡಳು. ಅವರನ್ನು ನೇರವಾಗಿ ನೋಡಿ ಅವಳು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ದೇವರಂಥೋರು ನೀವು. ಮದುವೆ ಆದಾಗಿಂದ ಅಳಿಯಂದ್ರಿಗೆ ಅಂತ ಒಂದು ಕೋಳಿ ಕುಯ್ದು ಇಕ್ಕಾಕೆ ನನಗೆ ಆಗಿರ್ನಿಲ್ಲ. ಕುಂತ್ಕಳಿ, ಎಲೆ ಹಾಕೈತೆ.”

ಮೂರು ಎಲೆ ಹಾಕಿದ್ದಳು. ಇಷ್ಟು ದಿನ ನಾವು ಎದ್ದ ಮೇಲೆ ಒಲೆಯ ಮುಂದೆ ಕೂತು ಉಣ್ಣುತ್ತಿದ್ದವಳು ಅವತ್ತು ನಮ್ಮ ಜೊತೆಗೇ ಕೂತಳು. ತೊಡೆಯ ತುಂಡು ಅಳಿಯನಿಗೆ ಬಡಿಸಿದಳು. ತನಗೂ ಎರಡು ಮುದ್ದೆ ಹಾಕಿಕೊಂಡು, ಸಾರು ಸುರಿದುಕೊಂಡು, ಬೆವರುತ್ತ, ಮೂಗು ಒರೆಸಿಕೊಳ್ಳುತ್ತ ಹೊಟ್ಟೆ ತುಂಬ ಉಂಡಳು. ನಮ್ಮ ಮನೆಯಲ್ಲಿ ಅವಳು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ. ನಾನು ಮುದ್ದೆ ಮುರಿಯದೆ ಕೂತಿದ್ದೆ. ಬಾ ಎಂದು ಕರೆಯಲೂ ಇರು ಎಂದು ಹೇಳಲೂ ನನಗೆ ಹಕ್ಕಿರಲಿಲ್ಲ. ಅವಳನ್ನು ಎಳೆದು ಕೂರಿಸಿ ಕೋಣೆಗೆ ಚಿಲಕ ಹಾಕಿಬಿಡೋಣ ಎನ್ನಿಸುತ್ತಿತ್ತು.

ಅವ್ವ ಪಾತ್ರೆಯೊಳಗೆ ಸೌಟು ಆಡಿಸಿ, ಹುಡುಕಿ, ಏನನ್ನೋ ಎತ್ತಿ ನನ್ನ ಎಲೆಗೆ ಹಾಕಿದಳು. ಕೋಳಿಯ ಹೊಟ್ಟೆಯೊಳಗಿದ್ದ ಇನ್ನೂ ಚಿಪ್ಪು ಕಟ್ಟದ ಮೊಟ್ಟೆಗಳು. ಸಣ್ಣ ನಿಂಬೆಹಣ್ಣಿನಷ್ಟು ಒಂದು, ಗೋಲಿಯಷ್ಟು ಒಂದು, ಆಮೇಲೆ ಕಡಲೆಕಾಳಿನಷ್ಟು, ಹೆಸರುಕಾಳಿನಷ್ಟು, ಸಾಸಿವೆಯಷ್ಟು, ಹಳದಿ ಹಳದಿ. ಚಿಕ್ಕವರಾಗಿದ್ದಾಗ ಅವುಗಳಿಗಾಗಿ ಅಣ್ಣನೂ ನಾನೂ ಕಿತ್ತಾಡುತ್ತಿದ್ದೆವು.

“ತಿನ್ನವ್ವ, ನಿಂಗಿಷ್ಟ” ಎಂದಳು.

ಮುಂದಿನ ಸಲ ಇಡಬೇಕಾದದ್ದು, ಅದರ ಮುಂದಿನದು, ಅದರಾಚೆಯದು. ಅಷ್ಟೂ ದಿನ ಅವಳು ನಮ್ಮ ಮನೆಯಲ್ಲಿ ಉಣ್ಣಬಹುದಿತ್ತು. ನಾನು ಎಲೆ ನೋಡುತ್ತ ಕೂತೆ. ಅವ್ವ ಸೌಟು ಹಿಡಿದೇ ಕಾಯುತ್ತಿದ್ದಳು. ನಾನು ಒಂದೊಂದನ್ನೇ ಬಾಯಿಗೆ ಹಾಕಿಕೊಂಡು ಎಲ್ಲವನ್ನೂ ತಿಂದೆ, ಸಾಸಿವೆಯಷ್ಟಿದ್ದವನ್ನೂ ಬಿಡಲಿಲ್ಲ. ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಹೋದಳು.